ರಿಸಲ್ಟ್ ಬೋರ್ಡ್ ಪಕ್ಕದಲ್ಲಿ ಟಿ.ಸಿ. ಪುಸ್ತಕವನ್ನೂ ಇಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಕಥೋಲಿಕ ಶಾಲೆಯಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಶಾಲೆ ಸುವರ್ಣ ಮಹೋತ್ಸವಕ್ಕೆ ಸಿದ್ಧವಾಗುತ್ತಿದೆ. ಅದಕ್ಕೂ ಮುಂಚೆ ‘ಶಾಲೆ ತನ್ನ ಆಧ್ಯಾತ್ಮಿಕ ಧ್ಯೇಯಕ್ಕೆ ತಕ್ಕಂತೆ ನಡೆಯುತ್ತಿದೆಯೇ’ ಎಂದು ಪರಿಶೀಲಿಸಿ ವರದಿ ಕೊಡಲು ಆಡಳಿತ ಮಂಡಳಿ ಒಂದು ಸಮಿತಿ ಮಾಡಿದೆ. ಅದರಲ್ಲಿ ನಾನೂ ಇದ್ದೇನೆ. ಕೊಟ್ಟಿರುವ ಫಾರಂನಲ್ಲಿ ವರ್ಷಕ್ಕೆ ಎಷ್ಟು ಬಲಿಪೂಜೆ (ಚರ್ಚಿನ ಮಾಸ್), ಎಷ್ಟು ಧ್ಯಾನಕೂಟ, ವಾರಕ್ಕೆ ಎಷ್ಟು ವ್ಯಾಲ್ಯೂ ಎಜುಕೇಶನ್ ಪಿರಿಯಡ್ ಎಂಬ ಕಾಲಂಗಳಿವೆ. ನಮ್ಮ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹಿಂದೂ, ಮುಸ್ಲಿಂ ಮನೆಯವರು. ನಾನೂ ಕ್ರೈಸ್ತಳಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಆದರೆ ಅಳೆಯಬಹುದು, ಇದನ್ನು ಅಳೆಯುವುದು ಹೇಗೆ? ನನ್ನಂಥವಳು ಇದರ ಬಗ್ಗೆ ಮಾತಾಡಬಹುದೇ?

ಉತ್ತರ: ಖಂಡಿತ ಮಾತಾಡಬಹುದು ಮೇಡಂ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ ಸಭೆ, ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಕಥೋಲಿಕ ಶಾಲೆಯ ಗುರಿ ಈಡೇರುವುದು ಹೆಚ್ಚುಕಡಿಮೆ ಪೂರ್ತಿ ಶಿಕ್ಷಕರ ಕೈಯಲ್ಲಿದೆ ಎಂದು ಅದರಲ್ಲಿ ಹೇಳಿದೆ. ಇವತ್ತು ನಮ್ಮ ಮಲೆನಾಡಿನ ಎಷ್ಟೋ ಕಾನ್ವೆಂಟುಗಳಲ್ಲಿ ಪಾಠ ಮಾಡುವ ಸಿಸ್ಟರ್‌ಗಳು, ಫಾದರ್‌ಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸಂಸಾರಸ್ಥರು. ಅವರಲ್ಲಿ ಬಹಳ ಜನ ನಿಮ್ಮ ಹಾಗೆ ಬೇರೆ ಧರ್ಮದವರು. ಮಗು ದಿನವಿಡೀ ನೋಡುವುದು ನಿಮ್ಮ ಮುಖವನ್ನು. ಶಾಲೆಯ ಧ್ಯೇಯ ನಿಮ್ಮ ಮೂಲಕ ಮಗುವಿಗೆ ತಲುಪಬೇಕು, ಇಲ್ಲದಿದ್ದರೆ ತಲುಪುವುದೇ ಇಲ್ಲ. ಹಾಗಿರುವಾಗ ನಿಮ್ಮನ್ನು ಸಮಿತಿಗೆ ಸೇರಿಸಿದ್ದು ಸರಿಯಾದ ಕೆಲಸ. ಒಳಗಿನವರಿಗೆ ಅಭ್ಯಾಸವಾಗಿ ಕಣ್ಣಿಗೆ ಬೀಳದೇ ಹೋದದ್ದು ನಿಮಗೆ ಬೇಗ ಕಾಣುತ್ತದೆ.

ಈಗ ಫಾರಂ ವಿಷಯ. ಅದನ್ನು ತುಂಬಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ವರದಿ ಅಷ್ಟಕ್ಕೇ ನಿಂತರೆ ಅದು ಕಾರ್ಯಕ್ರಮಗಳ ಪಟ್ಟಿಯಾಗುತ್ತದೆ. ಪಾಲಕ ಸಂತರ ಹಬ್ಬದ ದಿನ, ಕ್ರಿಸ್ಮಸ್ ಕಾರ್ಯಕ್ರಮದ ದಿನ ಎಲ್ಲ ಶಾಲೆಗಳೂ ಚೆನ್ನಾಗಿಯೇ ಕಾಣುತ್ತವೆ. ಮಾಡು ಸೋರುತ್ತದೋ ಇಲ್ಲವೋ ಎಂದು ಬೇಸಿಗೆಯಲ್ಲಿ ನೋಡಿದರೆ ಏನು ಗೊತ್ತಾಗುತ್ತದೆ? ಶಾಲೆಗೆ ಕಷ್ಟದ ನಿರ್ಧಾರ ಎದುರಾದಾಗ ಅದು ಯಾರ ಪರ ನಿಂತಿತು ಅನ್ನುವುದನ್ನು ನೋಡಬೇಕು. ಹಲವು ವರ್ಷಗಳಿಂದ ಇಂಥ ಪರಿಶೀಲನೆಗಳಲ್ಲಿ ಕೂತು ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪ್ರಾರ್ಥನಾ ಮಂದಿರಕ್ಕೆ ಹೋಗುವ ಮುಂಚೆ ಆಫೀಸಿಗೆ ಹೋಗುತ್ತೇನೆ. ಅಲ್ಲಿ ನಾಲ್ಕು ಪುಸ್ತಕ ಕೇಳುತ್ತೇನೆ: ದಾಖಲಾತಿ ಪುಸ್ತಕ, ಫೀಸಿನ ಲೆಕ್ಕ, ಟಿ.ಸಿ. ಪುಸ್ತಕ, ಸಂಬಳದ ರಿಜಿಸ್ಟರ್.

ಇದು ನನ್ನ ಸ್ವಂತ ಹುಚ್ಚು ಅಂದುಕೊಳ್ಳಬೇಡಿ. ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್, ತನ್ನ ಶಾಲೆಗಳಿಂದ ಕೇಳಿರುವುದೇ ಇದನ್ನು. ಅದೇ 1965ರ ಘೋಷಣೆ, ಶುಭಸಂದೇಶದ (ಯೇಸುವಿನ ಬೋಧನೆಯ) ಸ್ವಾತಂತ್ರ್ಯ ಮತ್ತು ಪ್ರೀತಿ ತುಂಬಿದ ವಾತಾವರಣ ಶಾಲೆಯಲ್ಲಿರಬೇಕು ಅನ್ನುತ್ತದೆ. ಬಡವರು, ಮನೆಯವರ ಆಸರೆ, ಪ್ರೀತಿ ಸಿಗದವರು, ಕ್ರೈಸ್ತ ವಿಶ್ವಾಸ ಇಲ್ಲದವರು, ಇವರ ಬಗ್ಗೆ ವಿಶೇಷ ಕಾಳಜಿ ಇರಬೇಕು ಅನ್ನುತ್ತದೆ. 1977ರಲ್ಲಿ ವ್ಯಾಟಿಕನ್‌ನ ಶಿಕ್ಷಣ ವಿಭಾಗ ಕಥೋಲಿಕ ಶಾಲೆಯ ಬಗ್ಗೆ ಒಂದು ದಾಖಲೆ ಹೊರಡಿಸಿತು. ನಮ್ಮ ಶಾಲೆಗಳು ಉಳ್ಳವರ ಮಕ್ಕಳ ಕಡೆಗೇ ಹೆಚ್ಚು ಗಮನ ಕೊಟ್ಟರೆ, ಅನ್ಯಾಯದ ಸಮಾಜ ಹಾಗೇ ಮುಂದುವರಿಯಲು ನಾವೇ ಸಹಾಯ ಮಾಡಿದಂತಾಗುತ್ತದೆ ಎಂದು ಅದರಲ್ಲಿ ನೇರವಾಗಿಯೇ ಎಚ್ಚರಿಸಿದ್ದಾರೆ. ಅಂದರೆ ಶಾಲೆಯ ಆಧ್ಯಾತ್ಮಿಕ ಧ್ಯೇಯ ಒಂದು ಕಡೆ, ಫೀಸು ಮತ್ತು ಅಡ್ಮಿಷನ್ ಇನ್ನೊಂದು ಕಡೆ ಅಂತ ಇಲ್ಲ. ಎರಡೂ ಒಂದೇ.

ದಾಖಲಾತಿ ಪುಸ್ತಕದಲ್ಲಿ ಏನು ನೋಡಬೇಕು? ಮಕ್ಕಳ ಜಾತಿ ಧರ್ಮದ ಲೆಕ್ಕ ಸಾಮಾನ್ಯವಾಗಿ ಎಲ್ಲರೂ ತೆಗೆಯುತ್ತಾರೆ. ನೀವು ಅಪ್ಪ ಅಮ್ಮನ ಕೆಲಸ ಮತ್ತು ಊರು ನೋಡಿ. ಶಾಲೆ ಶುರುವಾದ ವರ್ಷದ ಪುಟ, ಇಪ್ಪತ್ತು ವರ್ಷದ ಹಿಂದಿನ ಪುಟ, ಈ ವರ್ಷದ ಪುಟ ಪಕ್ಕಪಕ್ಕ ಇಡಿ. ಮಲೆನಾಡಿನ ಹಳೆಯ ಶಾಲೆಗಳು ಹುಟ್ಟಿದ್ದು ಯಾರಿಗಾಗಿ? ಎಸ್ಟೇಟಿನ ಲೈನ್ ಮನೆಗಳ ಮಕ್ಕಳಿಗೆ, ಭದ್ರಾವತಿಯ ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ, ಕಾಡಂಚಿನ ಕೂಲಿಯವರ ಮಕ್ಕಳಿಗೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಿಂದ 1960ರ ದಶಕದಲ್ಲಿ ಮನೆ ಮಠ ಕಳೆದುಕೊಂಡು ಬಂದವರೂ ಇದೇ ಜಿಲ್ಲೆಯಲ್ಲಿ ನೆಲೆ ನಿಂತರು. ಆ ಮನೆಗಳ ಮಕ್ಕಳ ಹೆಸರು ಈಗಿನ ಪುಟದಲ್ಲಿ ಇದೆಯೇ? ಈಗ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಬರುವವರಿದ್ದಾರೆ. ಅವರ ಮಕ್ಕಳಿಗೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಅಂಥ ಒಂದು ಮಗುವಾದರೂ ನಿಮ್ಮ ಗೇಟಿನ ಒಳಗೆ ಬಂದಿದೆಯೇ? ಬಂದಿಲ್ಲ ಅಂದರೆ, ಯಾರೂ ಕೇಳಿಕೊಂಡು ಬರಲಿಲ್ಲವೋ, ಬಂದವರನ್ನು ವಾಪಸ್ ಕಳಿಸಿದ್ದೋ?

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಇಡಬೇಕು ಅನ್ನುತ್ತದೆ. ಆದರೆ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಅನುಮಾನ ಎತ್ತಿ, ದೊಡ್ಡ ಪೀಠ ನೋಡಲಿ ಎಂದಿದೆ. ಅದು ಏನಾಗುತ್ತದೋ ಆಗಲಿ. ನನ್ನ ಮಟ್ಟಿಗೆ ನಿಮ್ಮ ಸಮಿತಿ ಕೇಳಬೇಕಾದ ಅತಿ ದೊಡ್ಡ ಪ್ರಶ್ನೆ ಇಲ್ಲಿದೆ. ಕಾನೂನು ಬಲವಂತ ಮಾಡದೇ ಇದ್ದ ಇಷ್ಟು ವರ್ಷ, ನಮ್ಮ ಶಾಲೆ ತಾನಾಗಿಯೇ ಎಷ್ಟು ಬಡ ಮಕ್ಕಳನ್ನು ಸೇರಿಸಿಕೊಂಡಿತು? ಸರ್ಕಾರ ಹೇಳಿದ್ದಕ್ಕೆ ಕೊಟ್ಟ ಸೀಟಿನಲ್ಲಿ ಶಾಲೆಯ ಮನಸ್ಸು ಕಾಣುವುದಿಲ್ಲ. ಯಾರೂ ಕೇಳದೇ ಇದ್ದಾಗ ಕೊಟ್ಟದ್ದರಲ್ಲಿ ಕಾಣುತ್ತದೆ. ಆ ಸಂಖ್ಯೆ ಎಷ್ಟೇ ಚಿಕ್ಕದಿರಲಿ, ವರದಿಯ ಮೊದಲ ಪುಟದಲ್ಲಿ ಬರೆಯಿರಿ.

ಫೀಸಿನ ಲೆಕ್ಕದಲ್ಲಿ ರಿಯಾಯಿತಿ ಎಷ್ಟು ಅನ್ನುವುದರ ಜೊತೆಗೆ, ರಿಯಾಯಿತಿ ಕೇಳುವುದು ಹೇಗೆ ಅನ್ನುವುದನ್ನೂ ನೋಡಿ. ಅಮ್ಮ ಅರ್ಜಿ ಹಿಡಿದುಕೊಂಡು ಕೌಂಟರಿನಲ್ಲಿ ಎಲ್ಲರ ಎದುರು ಅಂಗಲಾಚಬೇಕೇ? ಅಡಿಕೆಗೆ ಕೊಳೆರೋಗ ಬಂದ ವರ್ಷ ಸಣ್ಣ ಹಿಡುವಳಿಯವರ ಮನೆಯಲ್ಲಿ ದುಡ್ಡು ಇರುವುದಿಲ್ಲ. ಆ ವರ್ಷ ಶಾಲೆ ಕಂತು ಮುಂದೆ ಹಾಕಿತೇ? ಫೀಸು ಬಾಕಿ ಇದ್ದ ಮಗುವಿನ ಹೆಸರನ್ನು ಕ್ಲಾಸಿನಲ್ಲಿ ಓದಿದ್ದುಂಟೇ, ಹಾಲ್ ಟಿಕೆಟ್ ಹಿಡಿದಿಟ್ಟದ್ದುಂಟೇ? ಒಮ್ಮೆ ಆಗಿದ್ದರೂ ಬರೆಯಿರಿ. ಆ ಮಗು ಅದನ್ನು ಜೀವಮಾನದಲ್ಲಿ ಮರೆಯುವುದಿಲ್ಲ. ಮಾರನೇ ದಿನ ಅಸೆಂಬ್ಲಿಯಲ್ಲಿ ಎಷ್ಟೇ ಒಳ್ಳೆಯ ಪ್ರಾರ್ಥನೆ ಹೇಳಿಸಿದರೂ ಅದು ಆ ಮಗುವಿನ ಒಳಗೆ ಇಳಿಯುವುದಿಲ್ಲ.

ಟಿ.ಸಿ. ಪುಸ್ತಕದ ಹತ್ತಿರ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಅದು ಬಹಳ ಮಾತಾಡುತ್ತದೆ. ಎಂಟನೇ ಕ್ಲಾಸಿನ ಕೊನೆಗೆ, ಒಂಬತ್ತನೇ ಕ್ಲಾಸಿನ ಕೊನೆಗೆ ಯಾರು ಯಾರು ಶಾಲೆ ಬಿಟ್ಟರು ಎಂದು ಪಟ್ಟಿ ಮಾಡಿ. ಅವರ ಅಂಕಪಟ್ಟಿ ಪಕ್ಕದಲ್ಲಿಡಿ. ಅಪ್ಪನಿಗೆ ಬೇರೆ ಊರಿಗೆ ವರ್ಗವಾಗಿ ಹೋದವರನ್ನು ಬಿಡಿ. ಉಳಿದವರಲ್ಲಿ ಬಹುಪಾಲು ಕಡಿಮೆ ಅಂಕದವರೇ ಆಗಿದ್ದರೆ, ಅಲ್ಲೇ ನಿಲ್ಲಿ. ‘ನಿಮ್ಮ ಮಗನಿಗೆ ಇಲ್ಲಿ ಕಷ್ಟ ಆಗುತ್ತೆ, ಬೇರೆ ಶಾಲೆಗೆ ಹಾಕಿ’ ಎಂದು ಪಾಲಕರನ್ನು ಕರೆದು ಹೇಳುವ ರೂಢಿ ನಮ್ಮಲ್ಲಿ ಖಾಸಗಿ ಶಾಲೆಗಳಲ್ಲೆಲ್ಲ ಇದೆ. ಮೆತ್ತಗೆ, ಗೌರವದಿಂದಲೇ ಹೇಳುತ್ತಾರೆ. ಜೂನ್‌ನಲ್ಲಿ ಆ ಹುಡುಗ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಇರುತ್ತಾನೆ. ಮುಂದಿನ ವರ್ಷ ನಮ್ಮ ಗೇಟಿನ ಮೇಲೆ ನೂರಕ್ಕೆ ನೂರು ರಿಸಲ್ಟ್ ಎಂದು ಬ್ಯಾನರ್ ಕಟ್ಟುತ್ತೇವೆ.

ತೊಂಬತ್ತೊಂಬತ್ತು ಕುರಿ ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆಯನ್ನು ಯೇಸುಸ್ವಾಮಿ ಹೇಳಿದ್ದಾರೆ. ಅದು ನಿಮ್ಮ ಶಾಲೆಯ ಗೋಡೆಯ ಮೇಲೂ ಚಿತ್ರವಾಗಿ ಇರಬಹುದು. ಆ ಚಿತ್ರ ಇರುವ ಶಾಲೆಯಲ್ಲಿ ತೊಂಬತ್ತೊಂಬತ್ತರ ರಿಸಲ್ಟಿಗಾಗಿ ಒಂದನ್ನು ಹೊರಗೆ ಕಳಿಸಿದರೆ, ಧ್ಯೇಯ ಸೋತಿದೆ ಎಂದೇ ನಾನು ಬರೆಯುತ್ತೇನೆ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯ ಇಲ್ಲ. ಹಾಗೆ ಹೋದ ಮಕ್ಕಳನ್ನು ಸಾಧ್ಯವಾದರೆ ಹುಡುಕಿ ಮಾತಾಡಿಸಿ. ಹಳೆ ವಿದ್ಯಾರ್ಥಿಗಳ ಸಂಘದ ಸಭೆಗೆ ಅವರು ಬರುವುದಿಲ್ಲ. ಬರುವವರು ಡಾಕ್ಟರು, ಇಂಜಿನಿಯರು ಆದವರು. ಅವರು ಶಾಲೆಯನ್ನು ಹೊಗಳಿಯೇ ಹೊಗಳುತ್ತಾರೆ.

ಹಾಜರಿಯನ್ನೂ ಇದರ ಜೊತೆಗೇ ನೋಡಿ. ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು, ಸುಲಿತ. ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಅಡಿಕೆ ಸುಲಿದು ಬಂದ ಮಗು ಕ್ಲಾಸಿನಲ್ಲಿ ತೂಕಡಿಸುತ್ತದೆ. ಜುಲೈ ಮಳೆಯಲ್ಲಿ ಹಳ್ಳ ತುಂಬಿದರೆ ಎರಡು ದಿನ ಬರುವುದಿಲ್ಲ. ಇದು ಕ್ಲಾಸ್ ಟೀಚರಿಗೆ ಗೊತ್ತಿದೆಯೇ, ಗೊತ್ತಿದ್ದರೆ ಏನು ಮಾಡಿದರು? ಮಗುವಿನ ಮನೆಗೆ ಶಾಲೆಯಿಂದ ಯಾರಾದರೂ ಹೋಗಿ ಬಂದಿದ್ದಾರೆಯೇ? ಹಿಂದೆ ಸಿಸ್ಟರ್‌ಗಳು ಶನಿವಾರ ಮಧ್ಯಾಹ್ನ ನಡೆದುಕೊಂಡೇ ಮನೆಮನೆಗೆ ಹೋಗುತ್ತಿದ್ದರು ಎಂದು ಹಳಬರು ಈಗಲೂ ನೆನೆಸುತ್ತಾರೆ. ಈಗ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೆಸೇಜ್ ಹೋಗುತ್ತದೆ.

ಸಂಬಳದ ರಿಜಿಸ್ಟರ್ ಮುಟ್ಟಲು ನಿಮಗೆ ಮುಜುಗರ ಆಗಬಹುದು. ನೀವೂ ಅದೇ ರಿಜಿಸ್ಟರಿನಲ್ಲಿ ಸಹಿ ಮಾಡುವವರು. ಆ ಭಾಗವನ್ನು ಸಮಿತಿಯಲ್ಲಿ ಹೊರಗಿನವರು ಯಾರಾದರೂ ನೋಡಲಿ. ಆದರೆ ಬಿಡಬೇಡಿ. ಕೆಲಸಗಾರನಿಗೆ ಅವನ ಸಂಸಾರ ಮರ್ಯಾದೆಯಿಂದ ಬದುಕುವಷ್ಟು ಕೂಲಿ ಸಿಗಬೇಕು ಎಂದು ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಬರೆದರು. ಅಂದಿನಿಂದ ಧರ್ಮಸಭೆ ಅದನ್ನು ಮತ್ತೆ ಮತ್ತೆ ಹೇಳುತ್ತಾ ಬಂದಿದೆ. ಒಂದೇ ಕಾಂಪೌಂಡಿನಲ್ಲಿ ಅನುದಾನಿತ ವಿಭಾಗದ ಟೀಚರಿಗೆ ಸರ್ಕಾರಿ ಸಂಬಳ, ಅನುದಾನರಹಿತ ವಿಭಾಗದ ಟೀಚರಿಗೆ ಅದರ ಒಂದು ಚೂರು. ಇಬ್ಬರೂ ಅದೇ ಆರು ಪಿರಿಯಡ್ ಮಾಡುತ್ತಾರೆ. ಆಯಾಗಳಿಗೆ, ಬಸ್ ಡ್ರೈವರುಗಳಿಗೆ ಪಿ.ಎಫ್. ಕಟ್ಟುತ್ತಾರೆಯೇ? ಬೇಸಿಗೆ ರಜೆಯ ಎರಡು ತಿಂಗಳು ಅವರ ಮನೆ ನಡೆಯುವುದು ಹೇಗೆ? ಶಾಲೆ ಸಣ್ಣದು, ದುಡ್ಡಿಲ್ಲ ಅನ್ನುವುದು ಎಷ್ಟೋ ಕಡೆ ನಿಜ. ಹಾಗಿದ್ದರೆ ಲೆಕ್ಕವನ್ನು ಎಲ್ಲರ ಮುಂದೆ ಇಡಲಿ. ಹೊಸ ಆಡಿಟೋರಿಯಂ ಕಟ್ಟುವ ವರ್ಷವೇ ಆಯಾಗೆ ಸಂಬಳ ಏರಿಸಲು ದುಡ್ಡಿಲ್ಲ ಅಂದರೆ ಆ ಮಾತನ್ನು ನಂಬುವುದು ಕಷ್ಟ.

ಮಕ್ಕಳ ಸುರಕ್ಷತೆ ಬಗ್ಗೆ ಸಣ್ಣದಾಗಿ ಹೇಳಿದರೂ ಸಾಕು, ಯಾಕೆಂದರೆ ಇಲ್ಲಿ ಚರ್ಚೆಗೆ ಜಾಗವೇ ಇಲ್ಲ. ಹೊಡೆಯುವುದು, ಅವಮಾನ ಮಾಡುವುದು ಶುಭಸಂದೇಶದ ಶಾಲೆಯಲ್ಲಿ ಇರಕೂಡದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಶಾಲೆಯ ಹೆಸರು, ಧರ್ಮಸಭೆಯ ಮರ್ಯಾದೆ ಎಂದು ಮುಚ್ಚಿಡುವುದು ಅಪರಾಧ. ದೂರು ಇದ್ದರೆ ಯಾರ ಬಳಿ ಹೋಗಬೇಕು ಎಂದು ಐದನೇ ಕ್ಲಾಸಿನ ಮಗುವನ್ನು ಕೇಳಿ. ಮಗುವಿಗೆ ಗೊತ್ತಿಲ್ಲದಿದ್ದರೆ ಆಫೀಸಿನಲ್ಲಿ ಎಂಥ ಒಳ್ಳೆಯ ನಿಯಮಾವಳಿ ಇದ್ದರೂ ಪ್ರಯೋಜನವಿಲ್ಲ.

ಇಷ್ಟು ಆದ ಮೇಲೆ ಪ್ರಾರ್ಥನೆಗೆ ಬರೋಣ. ಪುಸ್ತಕಗಳನ್ನು ಮೊದಲು ನೋಡಿ ಅಂದ ಮಾತ್ರಕ್ಕೆ ಪ್ರಾರ್ಥನೆ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಬಡವರಿಗೆ ಸೀಟು, ನ್ಯಾಯವಾದ ಸಂಬಳ, ಇವಿಷ್ಟನ್ನೇ ಮಾಡುವ ಒಳ್ಳೆಯ ಶಾಲೆಗಳು ಬೇರೆಯವರದ್ದೂ ಇವೆ. ಕಥೋಲಿಕ ಶಾಲೆ ಇದನ್ನೆಲ್ಲ ದೇವರ ಪ್ರೀತಿಯಿಂದ ಮಾಡುತ್ತೇನೆ ಅನ್ನುತ್ತದೆ. ಆ ಬೇರು ಒಣಗಿದರೆ ಕೆಲಸವೂ ನಾಲ್ಕು ದಿನಕ್ಕೆ ನಿಲ್ಲುತ್ತದೆ. ಹಾಗಾಗಿ ಪ್ರಾರ್ಥನೆಯನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು.

ಇಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಮಗುವಿನ ಭಕ್ತಿಯನ್ನು ಅಳೆಯಲು ಹೋಗಬೇಡಿ. ಯಾವ ಮಗುವಿಗೆ ಎಷ್ಟು ವಿಶ್ವಾಸ ಇದೆ ಅನ್ನುವುದು ದೇವರಿಗೆ ಮತ್ತು ಆ ಮಗುವಿಗೆ ಬಿಟ್ಟದ್ದು. ನೀವು ಪರೀಕ್ಷಿಸುತ್ತಿರುವುದು ಶಾಲೆಯನ್ನು. ಶಾಲೆ ಏನನ್ನು ಮುಂದಿಟ್ಟಿತು, ಹೇಗೆ ಮುಂದಿಟ್ಟಿತು, ಅಷ್ಟೇ ನಿಮ್ಮ ವ್ಯಾಪ್ತಿ. ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಕೂಡ ಇಲ್ಲಿ ಮುಖ್ಯ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ, ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಕೂರಿಸುವಂತಿಲ್ಲ. ವ್ಯಾಟಿಕನ್ನಿನ ದಾಖಲೆಗಳೂ ಇದಕ್ಕೆ ವಿರುದ್ಧವಾಗಿಲ್ಲ. 1988ರ ದಾಖಲೆ ಬೇರೆ ಧರ್ಮದ ಮಕ್ಕಳ, ಮನೆಯವರ ಮನಸ್ಸಾಕ್ಷಿಯನ್ನು ಗೌರವಿಸಬೇಕು ಅನ್ನುತ್ತದೆ. ಶುಭಸಂದೇಶವನ್ನು ಮುಂದಿಡುವ ಸ್ವಾತಂತ್ರ್ಯವನ್ನು ಶಾಲೆ ಬಿಟ್ಟುಕೊಡಬಾರದು ಎಂದೂ ಅನ್ನುತ್ತದೆ. ಮುಂದಿಡುವುದು ಬೇರೆ, ಹೇರುವುದು ಬೇರೆ ಎಂಬುದು ಅದರ ನಿಲುವು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಮಂಡಳಿ 2024ರಲ್ಲಿ ಶಾಲೆಗಳಿಗೆ ಮಾರ್ಗಸೂಚಿ ಕಳಿಸಿತು. ನಮ್ಮ ಸಂಪ್ರದಾಯಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ, ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮದವರೂ ಕೂತು ಪ್ರಾರ್ಥಿಸುವಂಥ ಒಂದು ಕೋಣೆ ಇಡಿ ಎಂದು ಅದರಲ್ಲಿದೆ. ನಿಮ್ಮ ಶಾಲೆಗೆ ಅದು ಬಂದಿರಬೇಕು. ಫೈಲಿನಲ್ಲೇ ಉಳಿಯಿತೇ, ಜಾರಿಗೆ ಬಂತೇ ನೋಡಿ.

ಬೆಳಿಗ್ಗೆ ಅಸೆಂಬ್ಲಿಯಲ್ಲಿ ಸುಮ್ನೆ ಹಿಂದೆ ನಿಂತು ಒಂದು ವಾರ ನೋಡಿ. ಪ್ರಾರ್ಥನೆ ಮುಗಿದ ತಕ್ಷಣ ಮೈಕಿನಲ್ಲಿ ಬೈಗುಳ ಶುರುವಾಗುತ್ತದೆಯೇ? ಅರ್ಧ ನಿಮಿಷವಾದರೂ ಮೌನ ಇದೆಯೇ? ಓದುವ ಮಗು ಅರ್ಥವಾಗಿ ಓದುತ್ತಿದೆಯೇ, ಇಂಗ್ಲಿಷ್ ಉರು ಹೊಡೆದು ಒಪ್ಪಿಸುತ್ತಿದೆಯೇ? ಕಿರು ಪ್ರಾರ್ಥನೆಯಲ್ಲಿ ಶಾಲೆಯ ಸುದ್ದಿ ಬರುತ್ತದೆಯೇ, ಅಂದರೆ ಮೊನ್ನೆ ತೀರಿಕೊಂಡ ಅಟೆಂಡರ್ ಅಜ್ಜ, ಆಸ್ಪತ್ರೆಯಲ್ಲಿರುವ ಆರನೇ ಕ್ಲಾಸಿನ ಹುಡುಗಿ? ಜೊತೆಗೆ ಬೇರೆ ಮಕ್ಕಳ ಆಚಾರಕ್ಕೆ ಶಾಲೆ ಹೇಗೆ ನಡೆದುಕೊಳ್ಳುತ್ತದೆ ನೋಡಿ. ಡಿಸೆಂಬರ್‌ನಲ್ಲಿ ಅಯ್ಯಪ್ಪ ಮಾಲೆ ಹಾಕಿಕೊಂಡು ಬಂದ ಹುಡುಗನಿಗೆ ಪಿ.ಟಿ. ಮಾಸ್ಟ್ರು ಏನು ಅನ್ನುತ್ತಾರೆ? ಜಡೆಗೆ ಹೂವು ಮುಡಿದು ಬಂದ ಹುಡುಗಿಗೆ? ರಂಜಾನ್ ಉಪವಾಸದಲ್ಲಿರುವ ಮಗುವನ್ನು ಮಧ್ಯಾಹ್ನ ಬಿಸಿಲಲ್ಲಿ ಓಡಿಸುತ್ತಾರೆಯೇ? ಯೂನಿಫಾರ್ಮ್ ನಿಯಮ ಇರಲಿ. ನಿಯಮ ಹೇಳುವ ಧ್ವನಿಯಲ್ಲಿ ತಾತ್ಸಾರ ಇದೆಯೇ ಅನ್ನುವುದು ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ.

ಇನ್ನು ಕಥೋಲಿಕ ಮಕ್ಕಳು. ಅವರು ಸಂಖ್ಯೆಯಲ್ಲಿ ಕಡಿಮೆ ಎಂದು ಅವರನ್ನು ಮರೆಯುವ ಶಾಲೆಗಳನ್ನು ನೋಡಿ ನನಗೆ ಬೇಸರವಾಗಿದೆ. ಅವರಿಗೆ ಧರ್ಮೋಪದೇಶದ ಪಿರಿಯಡ್ ಅಂತ ಟೈಂಟೇಬಲ್‌ನಲ್ಲಿ ಇರುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಮೊದಲು ಹೋಗುವುದೂ ಅದೇ. ಭಾಷೆಯ ಪ್ರಶ್ನೆಯೂ ಇದೆ. ನಮ್ಮ ಜಿಲ್ಲೆಯ ಕಥೋಲಿಕರು ಒಂದೇ ಬಗೆಯವರಲ್ಲ. ಶಿವಮೊಗ್ಗ 1963ರಲ್ಲಿ ಹುಟ್ಟಿದ ಚಿಕ್ಕಮಗಳೂರು ಧರ್ಮಕ್ಷೇತ್ರದ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶದ) ಭಾಗವಾಗಿತ್ತು. 1988ರಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವಾಯಿತು. 2007ರಲ್ಲಿ ಕೇರಳ ಮೂಲದ ಸಿರೋ ಮಲಬಾರ್ ವಿಧಿಯ ಕಥೋಲಿಕರಿಗೆ ಭದ್ರಾವತಿ ಧರ್ಮಕ್ಷೇತ್ರ ಬಂತು. ಕೊಂಕಣಿ, ಕನ್ನಡ, ತಮಿಳು, ಮಲಯಾಳಂ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿದ್ದಾರೆ. ಮನೆಯಲ್ಲಿ ಜಪಸರ ಕೊಂಕಣಿಯಲ್ಲಿ, ಚರ್ಚಿನಲ್ಲಿ ಪೂಜೆ ಕನ್ನಡದಲ್ಲಿ, ಶಾಲೆಯಲ್ಲಿ ಪ್ರಾರ್ಥನೆ ಇಂಗ್ಲಿಷಿನಲ್ಲಿ. ಒಂದು ಪ್ರಶ್ನೆಯನ್ನು ಮಕ್ಕಳ ಹತ್ತಿರ ಪ್ರೀತಿಯಿಂದ ಕೇಳಿ ನೋಡಿ: ‘ಅಜ್ಜಿಗೆ ಹುಷಾರಿಲ್ಲದಾಗ ನೀನು ದೇವರ ಹತ್ತಿರ ಯಾವ ಭಾಷೆಯಲ್ಲಿ ಕೇಳಿಕೊಳ್ಳುತ್ತೀಯ?’ ಉತ್ತರ ಶಾಲೆಯ ಭಾಷೆ ಆಗಿರುವುದು ಅಪರೂಪ. ಹಾಗಿದ್ದರೆ ವಾರದಲ್ಲಿ ಒಂದೆರಡು ದಿನವಾದರೂ ಅಸೆಂಬ್ಲಿಯಲ್ಲಿ ಕನ್ನಡದಲ್ಲಿ ಪ್ರಾರ್ಥಿಸಬಹುದಲ್ವಾ? ಎಲ್ಲ ಮಕ್ಕಳಿಗೂ ಅರ್ಥವಾಗುವ ಭಾಷೆ ಅದು.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನೋಡುತ್ತಾರೆ ಎಂದು ನಿಮ್ಮ ಸಮಿತಿ ಕೇಳಬಹುದು. ಇಂಗ್ಲೆಂಡಿನಲ್ಲಿ 2022ರಿಂದ ಕಥೋಲಿಕ ಶಾಲೆಗಳಿಗೆ ಒಂದೇ ರಾಷ್ಟ್ರೀಯ ತಪಾಸಣಾ ವ್ಯವಸ್ಥೆ ಇದೆ. ಶಾಲೆಯ ಕಥೋಲಿಕ ಬದುಕು ಮತ್ತು ಧ್ಯೇಯ, ಧರ್ಮಬೋಧನೆ, ಸಾಮೂಹಿಕ ಆರಾಧನೆ, ಈ ಮೂರನ್ನು ನೋಡಿ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಾರೆ. ಅಲ್ಲಿ ಪಾಠದ ಹೊತ್ತಿನ ಶೇ. 10 ಧರ್ಮಬೋಧನೆಗೆ ಹೋಗಬೇಕು. ನಮ್ಮ ಕಾನೂನು, ನಮ್ಮ ಮಕ್ಕಳು ಬೇರೆ. ಆ ಫಾರಂ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿಂದ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು, ತಪಾಸಕರು ಹೊರಗಿನವರು.

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಥೋಲಿಕ ಶಾಲೆಗಳ ಜೊತೆ ಸೇರಿ ಮಾಡಿದ ಕೆಲಸ ನಮಗೆ ಹೆಚ್ಚು ಹತ್ತಿರ. ಅವರು ಎರಡು ಪ್ರಶ್ನೆ ಕೇಳುತ್ತಾರೆ. ಶಾಲೆಗೆ ತನ್ನ ವಿಶ್ವಾಸದ ಬಗ್ಗೆ ಸ್ಪಷ್ಟತೆ ಇದೆಯೇ? ಬೇರೆ ವಿಶ್ವಾಸದವರ ಕಡೆಗೆ ತೆರೆದ ಮನಸ್ಸಿದೆಯೇ? ಮೊದಲನೆಯದು ಮಾತ್ರ ಇದ್ದರೆ ಶಾಲೆ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತದೆ. ಎರಡನೆಯದು ಮಾತ್ರ ಇದ್ದರೆ ಬಣ್ಣ ಬಣ್ಣವಾಗಿರುತ್ತದೆ, ತನ್ನದೆಂಬ ಗುರುತು ಇರುವುದಿಲ್ಲ. ಎರಡೂ ಇಲ್ಲದಿದ್ದರೆ ಬಣ್ಣವೇ ಇಲ್ಲ. ಎರಡೂ ಗಟ್ಟಿಯಾಗಿದ್ದರೆ ಸಂವಾದದ ಶಾಲೆ. ವ್ಯಾಟಿಕನ್ 2022ರಲ್ಲಿ ಹೊರಡಿಸಿದ ದಾಖಲೆಯೂ ಸಂವಾದದ ಬಗ್ಗೆಯೇ ಇದೆ.

ನಮ್ಮ ಮಲೆನಾಡಿನ ಶಾಲೆಗಳು ಈ ನಾಲ್ಕರಲ್ಲಿ ಎಲ್ಲಿವೆ? ಮತಾಂತರದ ಆರೋಪ ಮಾಡುವವರು ನಮ್ಮನ್ನು ಮೊದಲನೇ ಗುಂಪಿಗೆ ಸೇರಿಸುತ್ತಾರೆ. ನಾನು ಕಂಡದ್ದು ಹಾಗಿಲ್ಲ. ಹೆಚ್ಚಿನವು ಬಣ್ಣ ಕಳೆದುಕೊಳ್ಳುವ ಕಡೆಗೆ ಜಾರುತ್ತಿವೆ. ಆರೋಪಕ್ಕೆ ಹೆದರಿ ಯೇಸುವಿನ ಮಾತನ್ನು ಎತ್ತುವುದಿಲ್ಲ. ಬೇರೆ ಧರ್ಮಗಳ ಬಗ್ಗೆಯೂ ಮಕ್ಕಳ ಹತ್ತಿರ ಮನಸ್ಸಿಟ್ಟು ಮಾತಾಡುವುದಿಲ್ಲ. ವ್ಯಾಲ್ಯೂ ಎಜುಕೇಶನ್ ಪುಸ್ತಕದಲ್ಲಿ ‘ಸತ್ಯ ಹೇಳಬೇಕು, ಹಿರಿಯರನ್ನು ಗೌರವಿಸಬೇಕು’ ಎಂದು ಖಾಲಿ ಜಾಗ ತುಂಬಿಸುತ್ತಾರೆ. ಯಾರಿಗೂ ನೋವಾಗುವುದಿಲ್ಲ, ಯಾರಿಗೂ ಏನೂ ತಾಗುವುದೂ ಇಲ್ಲ. ಪೋಷಕರು ಇಂಗ್ಲಿಷಿಗೆ, ಶಿಸ್ತಿಗೆ ಮಕ್ಕಳನ್ನು ಕಳಿಸುತ್ತಾರೆ. ಶಾಲೆ ಅದನ್ನೇ ಕೊಟ್ಟು ಸುಮ್ಮನಾಗುತ್ತದೆ. ಹೊಸದಾಗಿ ಸೇರಿದ ಟೀಚರಿಗೆ ಈ ಶಾಲೆ ಯಾಕೆ ಶುರುವಾಯಿತು, ಸ್ಥಾಪಿಸಿದವರ ಆಸೆ ಏನಿತ್ತು ಎಂದು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಿಮಗೆ ಹೇಳಿದ್ದರೇ ಮೇಡಂ? ಇಲ್ಲವೆಂದರೆ ಅದನ್ನೂ ವರದಿಯಲ್ಲಿ ಬರೆಯಿರಿ. ನಿಮ್ಮ ಸ್ವಂತ ಅನುಭವವೂ ಸಾಕ್ಷಿಯೇ.

ಕೆಲಸ ಮಾಡುವ ಬಗೆ ಹೀಗಿರಲಿ. ಮಕ್ಕಳ ಹತ್ತಿರ, ಆಯಾಗಳ ಹತ್ತಿರ ಮಾತಾಡುವಾಗ ಎಚ್.ಎಂ. ಆಗಲಿ ಮ್ಯಾನೇಜರ್ ಫಾದರ್ ಆಗಲಿ ಪಕ್ಕದಲ್ಲಿ ಇರಬಾರದು. ಹೆಸರಿಲ್ಲದ ಚೀಟಿಯಲ್ಲಿ ಮೂರೇ ಪ್ರಶ್ನೆ ಸಾಕು: ಈ ಶಾಲೆಯಲ್ಲಿ ನಿನ್ನನ್ನು ಯಾರು ಚೆನ್ನಾಗಿ ಬಲ್ಲರು, ಇಲ್ಲಿ ನಿನಗೆ ಅನ್ಯಾಯ ಆದದ್ದು ಯಾವಾಗ, ತಪ್ಪು ಮಾಡಿದವರನ್ನು ಇಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ. ಮೂರನೆಯದಕ್ಕೆ ಬರುವ ಉತ್ತರಗಳನ್ನು ನಿಧಾನವಾಗಿ ಓದಿ. ಕ್ಷಮೆ ಅನ್ನುವುದು ಕ್ರೈಸ್ತ ಬದುಕಿನ ನಡುಮನೆ. ಅದು ಸ್ಟಾಫ್ ರೂಮಿನಲ್ಲಿ, ಎಚ್.ಎಂ. ಕೋಣೆಯಲ್ಲಿ ಇದೆಯೋ ಇಲ್ಲವೋ ಮಕ್ಕಳು ಸರಿಯಾಗಿ ಹೇಳುತ್ತಾರೆ. ಶಾಲೆ ಬಿಟ್ಟು ಹತ್ತು ಹದಿನೈದು ವರ್ಷ ಆದವರಲ್ಲಿ ಕೆಲವರನ್ನು ಆರಿಸಿ ಫೋನ್ ಮಾಡಿ. ಪೇಟೆಯಲ್ಲಿ ಅಂಗಡಿ ಇಟ್ಟವರು, ಆಟೋ ಓಡಿಸುವವರು, ತೋಟದಲ್ಲಿ ಇರುವವರು ಸೇರಿರಲಿ. ಅಂಕಿಸಂಖ್ಯೆ ಸಿಕ್ಕಲ್ಲಿ ಕೊಡಿ, ಉಳಿದದ್ದನ್ನು ಜನ ಹೇಳಿದ ಮಾತಿನಲ್ಲೇ, ಹೆಸರು ಬಿಟ್ಟು ಬರೆಯಿರಿ. ಶಾಲೆಗೆ ದರ್ಜೆ, ಮಾರ್ಕ್ಸ್ ಕೊಡಬೇಡಿ. ಕೊಟ್ಟರೆ ಎಲ್ಲರೂ ಅದೊಂದನ್ನೇ ನೋಡುತ್ತಾರೆ. ಚೆನ್ನಾಗಿರುವುದನ್ನೂ ಅಷ್ಟೇ ಬಿಡಿಸಿ ಬರೆಯಿರಿ. ಯಾವುದೋ ಸಿಸ್ಟರ್ ತನ್ನ ಊಟದ ಡಬ್ಬಿ ಕೊಟ್ಟದ್ದು, ಯಾವುದೋ ಮೇಷ್ಟ್ರು ಸಂಜೆ ಆರರವರೆಗೆ ಕೂತು ದಡ್ಡ ಅನ್ನಿಸಿಕೊಂಡವನಿಗೆ ಲೆಕ್ಕ ಹೇಳಿಕೊಟ್ಟದ್ದು ಖಂಡಿತ ಸಿಗುತ್ತದೆ. ಧ್ಯೇಯ ಜೀವಂತ ಇರುವುದು ಅಲ್ಲೇ, ಅದನ್ನು ದಾಖಲೆ ಮಾಡದಿದ್ದರೆ ಆ ಸಿಸ್ಟರ್ ವರ್ಗವಾದ ದಿನ ಅದೂ ಹೋಗುತ್ತದೆ.

ಸಮಯದ ಬಗ್ಗೆ ಒಂದು ಮಾತು. ಜುಬಿಲಿ ಸ್ಮರಣ ಸಂಚಿಕೆಗೆ ಈ ವರದಿಯನ್ನು ಜೋಡಿಸಲು ಒಪ್ಪಬೇಡಿ, ಅಲ್ಲಿ ಎಲ್ಲವೂ ಹೊಗಳಿಕೆಯಾಗುತ್ತದೆ. ದಸರಾ ರಜೆ ಮುಗಿದ ಮೇಲೆ ಶುರು ಮಾಡಿ. ಅಡಿಕೆ ಸುಲಿತದ ದಿನಗಳು, ಕ್ರಿಸ್ಮಸ್, ಅಯ್ಯಪ್ಪ ಮಾಲೆ ಎಲ್ಲವೂ ನಿಮ್ಮ ಕಣ್ಣ ಮುಂದೆ ಬರುತ್ತವೆ. ಫೆಬ್ರವರಿ ಒಳಗೆ ವರದಿ ಕೊಡಿ. ಮುಂದಿನ ವರ್ಷದ ಅಡ್ಮಿಷನ್, ಫೀಸು, ಸಂಬಳ ನಿರ್ಧಾರವಾಗುವ ಸಭೆಗೆ ಮುಂಚೆ ಅದು ಮಂಡಳಿಯ ಕೈಯಲ್ಲಿರಬೇಕು. ಒಂಬತ್ತನೇ ಕ್ಲಾಸಿನ ಯಾವ ಮಗುವಿಗೂ ಅಂಕದ ಕಾರಣಕ್ಕೆ ಟಿ.ಸಿ. ಕೊಡುವುದಿಲ್ಲ ಎಂಬ ಒಂದು ತೀರ್ಮಾನವನ್ನಾದರೂ ಆ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ.